ವರ್ಷಗಟ್ಟಲೆ ನಿಂತ ಹಳೇ ಸ್ಪೋರ್ಟ್ಸ್ ಕಾರು: ಕೀ ತಿರುಗಿಸುವ ಮೊದಲು ಏನೇನು ಮಾಡಬೇಕು?

"ಹತ್ತು ವರ್ಷದಿಂದ ಶೆಡ್ಡಿನಲ್ಲಿ ನಿಂತಿದೆ. ಹೊಸ ಬ್ಯಾಟರಿ ಹಾಕಿ ಸೆಲ್ಫ್ ಹೊಡೆದರೆ ಆಗುತ್ತಾ?" ಓದುಗರು ಈ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಒಬ್ಬರದು ಎಂಜಿಬಿ, ಇನ್ನೊಬ್ಬರದು ಆಲ್ಫಾ ರೋಮಿಯೊ ಸ್ಪೈಡರ್, ಮತ್ತೊಬ್ಬರದು ಪೋರ್ಷೆ 944. ಕಾರು ಬೇರೆ ಬೇರೆ, ಪ್ರಶ್ನೆ ಒಂದೇ. ನನ್ನ ಉತ್ತರವೂ ಒಂದೇ: ಇವತ್ತು ಬೇಡ.

ನಿಂತ ಕಾರು ನಿಂತಷ್ಟು ಕಾಲ ನಿಧಾನವಾಗಿ ಹಾಳಾಗುತ್ತಿರುತ್ತದೆ, ನಿಜ. ಆದರೆ ಅದಕ್ಕೆ ದೊಡ್ಡ ಪೆಟ್ಟು ಬೀಳುವುದು ಮೊದಲ ಸಲ ಸ್ಟಾರ್ಟ್ ಮಾಡುವ ಆ ಒಂದು ನಿಮಿಷದಲ್ಲಿ. ಆಯಿಲ್ ಪೂರ್ತಿ ಇಳಿದುಹೋದ ಸಿಲಿಂಡರಿನಲ್ಲಿ ಪಿಸ್ಟನ್ ರಿಂಗ್ ಉಜ್ಜುತ್ತದೆ. ಅಂಟಿಕೊಂಡ ವಾಲ್ವ್ ಬಾಗುತ್ತದೆ. ಗಟ್ಟಿಯಾದ ಬೆಲ್ಟ್ ಹರಿಯುತ್ತದೆ. ಬಿರುಕು ಬಿಟ್ಟ ಪೈಪಿನಿಂದ ಪೆಟ್ರೋಲ್ ಚಿಮ್ಮುತ್ತದೆ. ಹತ್ತು ವರ್ಷ ಕಾದ ಕಾರು ಇನ್ನು ಎರಡು ಮೂರು ವಾರ ಕಾಯಲಿ. ಆ ವಾರಗಳಲ್ಲಿ ಏನು ಮಾಡಬೇಕು, ಯಾವ ಕ್ರಮದಲ್ಲಿ ಮಾಡಬೇಕು ಎಂಬುದನ್ನು ಇಲ್ಲಿ ಹೇಳುತ್ತೇನೆ.

ಬೇಕಾಗುವ ಸಾಮಾನು

ಎಲ್ಲಕ್ಕಿಂತ ಮೊದಲು ನಿಮ್ಮ ಕಾರಿನ ವರ್ಕ್‌ಶಾಪ್ ಮ್ಯಾನ್ಯುಯಲ್, ಅಂದರೆ ರಿಪೇರಿ ಕೈಪಿಡಿ ಬೇಕು. ನಾನು ಹೇಳುವುದು ಎಲ್ಲ ಕಾರಿಗೂ ಹೊಂದುವ ದಾರಿ. ಬೋಲ್ಟ್ ಎಷ್ಟು ಬಿಗಿಯಬೇಕು, ಆಯಿಲ್ ಎಷ್ಟು ಹಿಡಿಯುತ್ತದೆ ಎಂಬ ಲೆಕ್ಕ ಆ ಪುಸ್ತಕದಲ್ಲೇ ಇರುತ್ತದೆ.

ಸ್ಪ್ಯಾನರ್ ಮತ್ತು ಸಾಕೆಟ್ ಸೆಟ್ ಬೇಕು. ಹಳೇ ಬ್ರಿಟಿಷ್ ಕಾರಾದರೆ ಇಂಚಿನ ಅಳತೆಯವು, ಇಟಲಿ, ಜರ್ಮನಿ, ಜಪಾನಿನ ಕಾರಾದರೆ ಮಿಲಿಮೀಟರಿನವು. ಟಾರ್ಕ್ ರೆಂಚ್, ವೋಲ್ಟ್ ನೋಡುವ ಮಲ್ಟಿಮೀಟರ್, ಸಿಲಿಂಡರಿನ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್, ತುಕ್ಕು ಬಿಡಿಸುವ ಎಣ್ಣೆ, ಕೈಗವಸು, ಕನ್ನಡಕ ಇರಲಿ. ಜಾಕ್ ಜೊತೆಗೆ, ಎತ್ತಿದ ಕಾರನ್ನು ಹೊತ್ತು ನಿಲ್ಲುವ ಆಕ್ಸಲ್ ಸ್ಟ್ಯಾಂಡ್ ನಾಲ್ಕು ಬೇಕೇ ಬೇಕು. ಜಾಕ್ ಇರುವುದು ಎತ್ತುವುದಕ್ಕೆ ಮಾತ್ರ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಒಂದು ಕೈಯನ್ನೂ ಹಾಕಬೇಡಿ. ಪೆಟ್ರೋಲ್ ಬೆಂಕಿಗೆ ಆಗುವ ಅಗ್ನಿಶಾಮಕ ಸಿಲಿಂಡರ್ ಒಂದು ಕೈಗೆ ಸಿಗುವ ಹಾಗಿರಲಿ.

1. ಮೊದಲು ಕೇಳಿ: ಕಾರು ಯಾಕೆ ನಿಂತಿತು?

ಈ ಹಂತವನ್ನು ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ಎಲ್ಲ ಸರಿ ಇದ್ದ ಕಾರನ್ನು ಯಾರೂ ಸುಮ್ನೆ ಹತ್ತು ವರ್ಷ ನಿಲ್ಲಿಸುವುದಿಲ್ಲ. ಇಂಜಿನ್ ಬಿಸಿಯಾಗುತ್ತಿತ್ತೇ? ಗೇರ್ ಬೀಳುತ್ತಿರಲಿಲ್ಲವೇ? ಹಳೇ ಮಾಲೀಕರನ್ನೋ ಅವರ ಮನೆಯವರನ್ನೋ ಕೂರಿಸಿಕೊಂಡು ಕೇಳಿ. ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಹಳೇ ಗ್ಯಾರೇಜ್ ಬಿಲ್ಲುಗಳಿದ್ದರೆ ಒಂದೊಂದನ್ನೂ ಓದಿ. "ಹೆಡ್ ಗ್ಯಾಸ್ಕೆಟ್ ಹೋಗಿದೆ" ಎಂಬ ಒಂದು ಸಾಲು ಸಿಕ್ಕರೆ ನಿಮ್ಮ ಯೋಜನೆಯೇ ಬದಲಾಗುತ್ತದೆ. ಹೆಡ್ ಗ್ಯಾಸ್ಕೆಟ್ ಅಂದರೆ ಇಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಇರುವ ಹಾಳೆಯಂಥ ಸೀಲ್. ಅದು ಹೋದರೆ ನೀರು, ಆಯಿಲ್, ಹೊಗೆ ಒಂದಕ್ಕೊಂದು ಸೇರಿಕೊಳ್ಳುತ್ತವೆ.

2. ಮುಟ್ಟುವ ಮೊದಲು ಕಣ್ಣಲ್ಲಿ ನೋಡಿ

ಕಾರನ್ನು ಎಳೆಯುವ ಮೊದಲೇ ಫೋಟೋ ತೆಗೆದುಕೊಳ್ಳಿ. ಯಾವ ವೈರ್ ಎಲ್ಲಿ, ಯಾವ ಪೈಪ್ ಎಲ್ಲಿ ಎಂಬುದು ಮುಂದೆ ಜೋಡಿಸುವಾಗ ಗೊತ್ತಾಗಬೇಕಲ್ವಾ.

ಆಮೇಲೆ ಇಲಿ ಹುಡುಕಿ. ಏರ್ ಫಿಲ್ಟರ್ ಡಬ್ಬಿ, ಸೀಟಿನ ಒಳಗಿನ ಸ್ಪಂಜು, ಹೀಟರ್ ಪೆಟ್ಟಿಗೆ, ಸೈಲೆನ್ಸರ್ ಬಾಯಿ, ಇವೆಲ್ಲ ಇಲಿ ಗೂಡು ಕಟ್ಟುವ ಜಾಗಗಳು. ವೈರಿನ ಮೇಲಿನ ಪ್ಲಾಸ್ಟಿಕ್ ಕಡಿದಿರುತ್ತವೆ. ಒಣಗಿದ ಇಲಿ ಹಿಕ್ಕೆಯ ಧೂಳು ಉಸಿರಿಗೆ ಹೋದರೆ ರೋಗ ಬರಬಹುದು. ಪೊರಕೆ ಹಿಡಿದು ಗುಡಿಸಬೇಡಿ. ಸೋಂಕುನಾಶಕ ಬೆರೆಸಿದ ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡು, ಒದ್ದೆ ಬಟ್ಟೆಯಲ್ಲಿ ಎತ್ತಿ ತೆಗೆಯಿರಿ.

ಮುಂದಿನದು ತುಕ್ಕು. ಮೇಲಿನ ಬಣ್ಣ ಹೊಳೆಯುತ್ತಿದ್ದರೆ ಸಮಾಧಾನ ಪಡಬೇಡಿ. ಕಾಲಡಿಯ ಮ್ಯಾಟ್ ಎತ್ತಿ ನೆಲ ನೋಡಿ. ಮೇಲ್ಛಾವಣಿ ಮಡಚುವ ಕಾರುಗಳಲ್ಲಿ ನೀರು ಇಳಿದು ಮ್ಯಾಟ್ ಅಡಿಯಲ್ಲೇ ನಿಂತಿರುತ್ತದೆ. ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಪೆಟ್ಟಿಗೆಯಂಥ ಭಾಗಕ್ಕೆ ಸಿಲ್ ಅನ್ನುತ್ತಾರೆ. ಎಂಜಿಬಿಯಂಥ ಕಾರಿಗೆ ಬೇರೆ ಚಾಸಿ ಇಲ್ಲ, ಆ ಸಿಲ್ಲೇ ಬೆನ್ನುಮೂಳೆ. ಅದು ಕೊಳೆತಿದ್ದರೆ ಜಾಕ್ ಒಳಕ್ಕೇ ನುಗ್ಗಿಬಿಡುತ್ತದೆ. ಜಾಕ್ ಇಡುವ ಜಾಗವನ್ನು ಮೊದಲು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿ ಸದ್ದು ಬಂದರೆ ಎತ್ತಿ. ಸಿಲ್ ಪೂರ್ತಿ ಕೊಳೆತಿದ್ದರೆ ಇಂಜಿನ್ ಕೆಲಸ ಪಕ್ಕಕ್ಕಿಟ್ಟು ಬೆಸುಗೆ ಕೆಲಸದವರನ್ನು ಹುಡುಕಿ.

3. ಬ್ಯಾಟರಿ ಮತ್ತು ವೈರಿಂಗ್

ಹಳೇ ಬ್ಯಾಟರಿಯನ್ನು ಹೊರಗೆ ತೆಗೆಯಿರಿ. ವರ್ಷಗಟ್ಟಲೆ ಚಾರ್ಜ್ ಇಲ್ಲದೆ ಬಿದ್ದ ಬ್ಯಾಟರಿ ಮತ್ತೆ ಬದುಕುವುದು ಅಪರೂಪ. ಪೂರ್ತಿ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್ ಆಸುಪಾಸು ತೋರಿಸಬೇಕು.

ಹೊಸದನ್ನು ಜೋಡಿಸುವ ಮೊದಲು ಅರ್ತ್ ಯಾವುದು ನೋಡಿ. ಬಾಡಿಗೆ ಜೋಡಿಸುವ ತುದಿಯೇ ಅರ್ತ್. ಈಗಿನ ಕಾರುಗಳಲ್ಲಿ ನೆಗೆಟಿವ್ ತುದಿ ಬಾಡಿಗೆ ಹೋಗುತ್ತದೆ. ಹಳೇ ಬ್ರಿಟಿಷ್ ಕಾರುಗಳಲ್ಲಿ ಹಲವಕ್ಕೆ ಪಾಸಿಟಿವ್ ತುದಿ ಬಾಡಿಗೆ. 1962ರಲ್ಲಿ ಬಂದ ಎಂಜಿಬಿ 1967ರವರೆಗೆ ಹೀಗೇ ಇತ್ತು. ಅದರಲ್ಲಿ ಸೀಟಿನ ಹಿಂದೆ 6 ವೋಲ್ಟಿನ ಎರಡು ಬ್ಯಾಟರಿ ಸಾಲಾಗಿ ಕೂತಿರುತ್ತವೆ. ನಡುವೆ ಯಾರಾದರೂ ಬದಲಾಯಿಸಿರಲೂಬಹುದು. ಹಾಗಾಗಿ ಊಹೆ ಬೇಡ, ವೈರ್ ಹಿಡಿದು ಹೋಗಿ ನೋಡಿ. ಉಲ್ಟಾ ಜೋಡಿಸಿದರೆ ಆಲ್ಟರ್ನೇಟರ್, ಅಂದರೆ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ, ಕ್ಷಣದಲ್ಲಿ ಸುಡುತ್ತದೆ.

ಅರ್ತ್ ವೈರುಗಳ ತುದಿ ಬಿಚ್ಚಿ, ಲೋಹ ಹೊಳೆಯುವ ತನಕ ಉಜ್ಜಿ ಮತ್ತೆ ಬಿಗಿಯಿರಿ. ಹಳೇ ಕಾರಿನ "ಎಲೆಕ್ಟ್ರಿಕ್ ತೊಂದರೆ"ಗಳಲ್ಲಿ ಬಹಳಷ್ಟು ಇಷ್ಟರಲ್ಲೇ ಮುಗಿಯುತ್ತವೆ. ಬ್ಯಾಟರಿಯನ್ನು ಈಗಲೇ ಪೂರ್ತಿ ಜೋಡಿಸಿ ಇಡಬೇಡಿ. ಟ್ಯಾಂಕಿನ ಕೆಲಸ ಬಾಕಿ ಇದೆ. ಪೆಟ್ರೋಲ್ ಆವಿ ಇರುವ ಕಡೆ ಒಂದು ಕಿಡಿಯೂ ಇರಬಾರದು.

4. ಇಂಜಿನ್ ತಿರುಗುತ್ತದೆಯೇ? ಕೈಯಲ್ಲಿ ನೋಡಿ

ಈ ಹಂತಕ್ಕೆ ಜಾಸ್ತಿ ಸಮಯ ಕೊಡಿ. ಮೊದಲು ಸ್ಪಾರ್ಕ್ ಪ್ಲಗ್‌ಗಳ ಸುತ್ತಲಿನ ಧೂಳು ಊದಿ ತೆಗೆದು, ಪ್ಲಗ್‌ಗಳನ್ನು ಬಿಚ್ಚಿ. ಅಲ್ಯೂಮಿನಿಯಂ ಹೆಡ್ ಇದ್ದರೆ ಜೋರು ಮಾಡಬೇಡಿ, ಪ್ಲಗ್ ಕೂರುವ ತೂತಿನ ಥ್ರೆಡ್ ಕಿತ್ತು ಬರುತ್ತದೆ. ಬಿಗಿಯಾಗಿದ್ದರೆ ತುಕ್ಕೆಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ.

ಪ್ರತಿ ಸಿಲಿಂಡರಿಗೆ ಒಂದು ದೊಡ್ಡ ಚಮಚೆಯಷ್ಟು, ಅಂದರೆ 10ರಿಂದ 15 ಮಿಲಿಲೀಟರ್, ತೆಳು ಆಯಿಲ್ ಬಿಡಿ. ಎರಡು ಮೂರು ದಿನ ಹಾಗೇ ಬಿಡಿ. ಆಯಿಲ್ ರಿಂಗ್‌ಗಳ ಸುತ್ತ ಇಳಿಯಬೇಕು. ಆಮೇಲೆ ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಇಂಜಿನ್ ಮುಂದಿನ ದೊಡ್ಡ ಪುಲ್ಲಿಯ ಬೋಲ್ಟಿಗೆ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ನಿಧಾನವಾಗಿ ತಿರುಗಿಸಿ. ಇಂಜಿನ್ ಓಡುವಾಗ ಯಾವ ದಿಕ್ಕಿಗೆ ತಿರುಗುತ್ತದೋ ಅದೇ ದಿಕ್ಕಿಗೆ ತಿರುಗಿಸಬೇಕು. ದಿಕ್ಕು ಕೈಪಿಡಿಯಲ್ಲಿ ಇರುತ್ತದೆ. ಹಿಂದಕ್ಕೆ ತಿರುಗಿಸಿದರೆ ಕೆಲವು ಇಂಜಿನ್‌ಗಳಲ್ಲಿ ಬೆಲ್ಟ್ ಹಲ್ಲು ತಪ್ಪುತ್ತದೆ.

ತಿರುಗಿತೇ? ಒಳ್ಳೇದು. ಪೂರ್ತಿ ಎರಡು ಸುತ್ತು ಹಾಕಿ. ಇಂಜಿನ್ ಎರಡು ಸುತ್ತು ಹಾಕಿದಾಗಲೇ ಎಲ್ಲ ವಾಲ್ವ್‌ಗಳೂ ಒಮ್ಮೆ ತೆರೆದು ಮುಚ್ಚುತ್ತವೆ.

ತಿರುಗಲಿಲ್ಲವೇ? ಸೀಜ್ ಆಗಿದೆ ಎಂದು ಎದೆಗುಂದಬೇಡಿ. ಬಹಳ ಸಲ ಒಂದೆರಡು ರಿಂಗ್ ಸಿಲಿಂಡರ್ ಗೋಡೆಗೆ ತುಕ್ಕು ಹಿಡಿದು ಅಂಟಿರುತ್ತದೆ, ಅಷ್ಟೇ. ತುಕ್ಕೆಣ್ಣೆಯನ್ನು ಇನ್ನೂ ಸ್ವಲ್ಪ ಹಾಕಿ. ದಿನಕ್ಕೊಮ್ಮೆ ಸ್ಪ್ಯಾನರ್ ಹಾಕಿ ಹಿಂದೆ ಮುಂದೆ ಕೂದಲೆಳೆಯಷ್ಟು ಅಲ್ಲಾಡಿಸಿ ನೋಡಿ. ಹಿಂದಕ್ಕೆ ತಿರುಗಿಸಬೇಡಿ ಎಂದೆನಲ್ಲ, ಅದು ಪೂರ್ತಿ ಸುತ್ತಿನ ಮಾತು. ಈ ಕೂದಲೆಳೆಯ ಅಲ್ಲಾಟಕ್ಕೆ ತೊಂದರೆ ಇಲ್ಲ. ಒಂದು ವಾರ, ಎರಡು ವಾರ ಹಿಡಿಯಬಹುದು. ಉದ್ದ ಪೈಪ್ ಸಿಕ್ಕಿಸಿ ನೇತಾಡಬೇಡಿ. ಬೋಲ್ಟ್ ಮುರಿಯುತ್ತದೆ, ಇಲ್ಲವೇ ರಿಂಗ್ ಮುರಿಯುತ್ತದೆ. ಗೇರಿಗೆ ಹಾಕಿ ಇನ್ನೊಂದು ವಾಹನದಿಂದ ಎಳೆಸುವುದಂತೂ ಬೇಡವೇ ಬೇಡ. ಹಾಗೆ ಎಳೆಸಿ ಹಾಳಾದ ಇಂಜಿನ್‌ಗಳನ್ನು ನಾನು ಬಿಚ್ಚಿ ನೋಡಿದ್ದೇನೆ. ಎರಡು ವಾರ ಕಾದಿದ್ದರೆ ಉಳಿಯುತ್ತಿದ್ದವು.

ಮೂರು ವಾರ ಬಿಟ್ಟರೂ ಮಿಸುಕದಿದ್ದರೆ ಹೆಡ್ ಬಿಚ್ಚಲೇಬೇಕು.

ಈಗ ವಾಲ್ವ್ ಕವರ್ ತೆಗೆಯಿರಿ. ಸಹಾಯಕ್ಕೆ ಒಬ್ಬರನ್ನು ಕರೆದು ಇಂಜಿನ್ ತಿರುಗಿಸಲು ಹೇಳಿ, ನೀವು ಮೇಲಿಂದ ನೋಡಿ. ಒಂದೊಂದು ವಾಲ್ವೂ ಕೆಳಗಿಳಿದು ಅಷ್ಟೇ ಚುರುಕಾಗಿ ಮೇಲೆ ಬರಬೇಕು. ಒಂದು ಕೆಳಗೇ ಉಳಿದರೆ ಅಲ್ಲೇ ನಿಲ್ಲಿಸಿ. ಅದರ ಕಾಂಡಕ್ಕೆ ತುಕ್ಕೆಣ್ಣೆ ಬಿಟ್ಟು ಬಿಡಿಸಿ. ಹಾಗೇ ಮುಂದುವರಿದರೆ ವಾಲ್ವನ್ನು ತಳ್ಳುವ ಪುಶ್‌ರಾಡ್ ಎಂಬ ಕಡ್ಡಿ ಬಾಗುತ್ತದೆ, ಇಲ್ಲವೇ ವಾಲ್ವೇ ಪಿಸ್ಟನ್‌ಗೆ ಬಡಿಯುತ್ತದೆ.

ಮಾಜ್ದಾ ಆರ್‌ಎಕ್ಸ್-7 ಇದ್ದವರಿಗೆ ಒಂದು ಮಾತು. 1978ರಲ್ಲಿ ಬಂದ ಈ ಕಾರಿನ ಇಂಜಿನ್‌ನಲ್ಲಿ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ತ್ರಿಕೋನದ ರೋಟರ್ ಸುತ್ತುತ್ತದೆ. ಅದರ ಮೂರು ತುದಿಗಳಲ್ಲಿರುವ ಸೀಲ್‌ಗಳು ಅಂಟಿರುತ್ತವೆ. ಅಲ್ಲೂ ಆಯಿಲ್ ಬಿಟ್ಟು ಕಾಯುವುದೇ ದಾರಿ.

5. ಟೈಮಿಂಗ್ ಬೆಲ್ಟ್

ಪಿಸ್ಟನ್‌ಗೂ ವಾಲ್ವ್‌ಗೂ ತಾಳ ತಪ್ಪದಂತೆ ನೋಡಿಕೊಳ್ಳುವುದು ಟೈಮಿಂಗ್ ಚೈನ್ ಅಥವಾ ಬೆಲ್ಟ್. ಆಲ್ಫಾ ರೋಮಿಯೊದ ಹಳೇ ಟ್ವಿನ್ ಕ್ಯಾಮ್ ಇಂಜಿನ್, ದಾಟ್ಸನ್ 240ಝಡ್ ಇವಕ್ಕೆಲ್ಲ ಚೈನ್. ಎಂಜಿಬಿಗೂ ಚೈನ್. ಫಿಯಟ್ 124 ಸ್ಪೈಡರ್, ಫೆರಾರಿ 308, ಪೋರ್ಷೆ 944 ಇವಕ್ಕೆ ರಬ್ಬರ್ ಬೆಲ್ಟ್.

ನಿಮ್ಮದು ಬೆಲ್ಟ್ ಇರುವ ಕಾರಾದರೆ ಸ್ಟಾರ್ಟ್ ಮಾಡುವ ಮೊದಲೇ ಬದಲಾಯಿಸಿ. ನೋಡಲು ಚೆನ್ನಾಗಿದೆ, ಕಾರು ಓಡಿದ್ದೇ ಕಡಿಮೆ ಎಂದು ಬಿಡಬೇಡಿ. ರಬ್ಬರಿಗೆ ವಯಸ್ಸಾಗುವುದು ಕಿಲೋಮೀಟರಿನಿಂದ ಮಾತ್ರ ಅಲ್ಲ, ವರ್ಷದಿಂದಲೂ ಆಗುತ್ತದೆ. ಪೋರ್ಷೆ 944ನಂಥ ಇಂಜಿನ್‌ನಲ್ಲಿ ಬೆಲ್ಟ್ ಹರಿದರೆ ಪಿಸ್ಟನ್‌ಗಳು ವಾಲ್ವ್‌ಗಳಿಗೆ ಬಡಿದು ಬಗ್ಗಿಸಿಬಿಡುತ್ತವೆ. ಬೆಲ್ಟ್ ಜೊತೆಗೆ ಅದನ್ನು ಬಿಗಿ ಹಿಡಿಯುವ ಟೆನ್ಷನರ್ ರಾಟೆಯನ್ನೂ ಬದಲಾಯಿಸಿ. ನೀರಿನ ಪಂಪ್ ಬೆಲ್ಟಿನ ಹಾದಿಯಲ್ಲೇ ಇದ್ದರೆ ಅದನ್ನೂ ಇದೇ ಕೈಯಲ್ಲಿ ಮುಗಿಸಿ.

6. ಆಯಿಲ್ ಬದಲಾಯಿಸಿ, ಆಯಿಲ್ ಒತ್ತಡ ಬರಿಸಿ

ಹಳೇ ಆಯಿಲ್ ಇಳಿಸಿ. ಮೊದಲು ನೀರು ಬಂದರೆ ಗಮನಿಸಿ. ನಾಲ್ಕು ಹನಿಯಾದರೆ ವರ್ಷಗಳ ತೇವ ಇರಬಹುದು. ಲೋಟಗಟ್ಟಲೆ ಬಂದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ.

ಹೊಸ ಫಿಲ್ಟರ್, ಹೊಸ ಆಯಿಲ್ ಹಾಕಿ. 1960, 70ರ ದಶಕದ ಹಲವು ಇಂಜಿನ್‌ಗಳಿಗೆ 20ಡಬ್ಲ್ಯು-50 ದರ್ಜೆಯ ಆಯಿಲ್ ಹೊಂದುತ್ತದೆ. ಕ್ಯಾಮ್, ಅಂದರೆ ವಾಲ್ವ್ ತೆರೆಸುವ ಉಬ್ಬು, ನೇರವಾಗಿ ಉಜ್ಜಿ ಓಡುವ ಹಳೇ ಇಂಜಿನ್‌ಗಳಿಗೆ ಸತುವಿನ ಅಂಶ ಜಾಸ್ತಿ ಇರುವ, ಹಳೇ ಕಾರುಗಳಿಗೆಂದೇ ಮಾಡಿದ ಆಯಿಲ್ ಒಳ್ಳೇದು. ಈಗಿನ ಕಾರುಗಳ ಆಯಿಲ್‌ನಲ್ಲಿ ಆ ಅಂಶ ಕಡಿಮೆ ಮಾಡಿದ್ದಾರೆ. ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರ್ ಅದರಿಂದ ಹಾಳಾಗುತ್ತದೆ ಎಂಬುದು ಕಾರಣ.

ಇನ್ನು ಒತ್ತಡದ ಕೆಲಸ. ಈಗ ಪ್ಲಗ್‌ಗಳು ಹೊರಗೇ ಇವೆ. ಕಾಯಿಲ್‌ಗೆ ಬರುವ ವೈರ್ ಬಿಚ್ಚಿ. ಕಾಯಿಲ್ ಅಂದರೆ ಪ್ಲಗ್‌ನಲ್ಲಿ ಕಿಡಿ ಹಾರಿಸಲು ವೋಲ್ಟೇಜ್ ಹೆಚ್ಚಿಸುವ ಭಾಗ. ಎಲೆಕ್ಟ್ರಿಕ್ ಪೆಟ್ರೋಲ್ ಪಂಪ್ ಇದ್ದರೆ ಅದರ ಫ್ಯೂಸೂ ತೆಗೆಯಿರಿ. ಪ್ಲಗ್ ತೂತುಗಳ ಮೇಲೆ ದಪ್ಪ ಬಟ್ಟೆ ಹಾಸಿ. ಒಳಗೆ ಬಿಟ್ಟ ಆಯಿಲ್ ಪಿಚಕಾರಿಯಂತೆ ಹೊರಬರುತ್ತದೆ. ಬ್ಯಾಟರಿ ಜೋಡಿಸಿ 10 ಸೆಕೆಂಡ್ ಸೆಲ್ಫ್ ಹೊಡೆಯಿರಿ, ಒಂದು ನಿಮಿಷ ಬಿಡಿ, ಮತ್ತೆ ಹೊಡೆಯಿರಿ. ಆಯಿಲ್ ಗೇಜ್ ಮುಳ್ಳು ಏಳುವವರೆಗೆ ಅಥವಾ ಆಯಿಲ್ ಲೈಟ್ ಆರುವವರೆಗೆ ಹೀಗೇ ಮಾಡಿ. ಬೇರಿಂಗ್‌ಗಳಿಗೆ ಆಯಿಲ್ ಮುಟ್ಟಿದ ಮೇಲೇ ಇಂಜಿನ್ ಓಡಬೇಕು.

ಆಯಿಲ್ ತುಂಬಿದ ಸಿಲಿಂಡರಿಗೆ ಪ್ಲಗ್ ಹಾಕಿ ಸೆಲ್ಫ್ ಹೊಡೆಯುವ ತಪ್ಪು ಮಾಡಬೇಡಿ. ಗಾಳಿಯಂತೆ ಆಯಿಲ್ ಕುಗ್ಗುವುದಿಲ್ಲ. ಪಿಸ್ಟನ್ ಹಿಡಿಯುವ ಕನೆಕ್ಟಿಂಗ್ ರಾಡ್ ಬಾಗಿಹೋಗುತ್ತದೆ.

ಆಯಿಲ್ ಪೂರ್ತಿ ಹೊರಬಂದ ಮೇಲೆ, ಪ್ಲಗ್ ಹಾಕುವ ಮೊದಲು ಕಂಪ್ರೆಷನ್ ನೋಡಿಬಿಡಿ. ಸಿಲಿಂಡರ್ ಸಿಲಿಂಡರಿಗೆ 10ರಿಂದ 15 ಶೇಕಡಾ ವ್ಯತ್ಯಾಸ ಇದ್ದರೆ ಚಿಂತೆ ಇಲ್ಲ. ಒಂದರಲ್ಲಿ ಸ್ವಲ್ಪ ಕಡಿಮೆ ಬಂದರೂ ಈಗಲೇ ತೀರ್ಪು ಕೊಡಬೇಡಿ, ಓಡಿದ ಮೇಲೆ ರಿಂಗ್ ಬಿಡಿಸಿಕೊಳ್ಳುತ್ತದೆ. ಸೊನ್ನೆ ಬಂದರೆ ಮಾತ್ರ ಅಲ್ಲಿ ವಾಲ್ವ್ ಕೂರುತ್ತಿಲ್ಲ ಎಂದು ತಿಳಿಯಿರಿ.

ಮುಗಿದ ಮೇಲೆ ಬ್ಯಾಟರಿ ಮತ್ತೆ ಬಿಚ್ಚಿ. ಮುಂದಿನದು ಪೆಟ್ರೋಲ್.

7. ಹಳೇ ಪೆಟ್ರೋಲ್, ಟ್ಯಾಂಕ್, ಪೈಪ್

ಟ್ಯಾಂಕ್ ಮುಚ್ಚಳ ತೆಗೆದು ವಾಸನೆ ನೋಡಿ. ಹಳೇ ಪೆಟ್ರೋಲ್ ವಾರ್ನಿಶ್ ಥರ ಹುಳಿ ವಾಸನೆ ಹೊಡೆಯುತ್ತದೆ. ಪೆಟ್ರೋಲಿನಲ್ಲಿ ಬೇಗ ಹೊತ್ತಿಕೊಳ್ಳುವ ಹಗುರ ಅಂಶಗಳು ಆರಿಹೋಗಿ, ಉಳಿದದ್ದು ಅಂಟಾಗುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಇನ್ನೂ ಕೆಟ್ಟದ್ದು. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ತೇವ ಜಾಸ್ತಿಯಾದಾಗ ನೀರು ಮತ್ತು ಎಥನಾಲ್ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಅಲ್ಲಿಂದಲೇ ತುಕ್ಕು ಶುರು.

ಪೆಟ್ರೋಲ್ ಇಳಿಸುವ ಕೆಲಸ ಬಯಲಿನಲ್ಲಿ ಮಾಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಶೆಡ್ಡಿನ ನೆಲದ ಮೇಲೆ, ಗುಂಡಿಯಲ್ಲಿ ಹರಡಿಕೊಂಡು ಕೂರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಬಲ್ಬ್ ಲ್ಯಾಂಪ್, ಬೀಡಿ, ಬೆಸುಗೆ ಯಾವುದೂ ಹತ್ತಿರ ಬೇಡ. ಬಾಯಿಂದ ಎಳೆಯಬೇಡಿ, ಕೈ ಪಂಪ್ ಬಳಸಿ. ತೆಗೆದದ್ದನ್ನು ಚರಂಡಿಗೆ ಸುರಿಯಬೇಡಿ, ಅಪಾಯದ ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ. ಒಳಗೆ ಉಳಿದ ಆವಿಯೇ ಸಿಡಿಯುತ್ತದೆ. ಅದಕ್ಕೆ ಬೆಸುಗೆ ಹಾಕುವ ಕೆಲಸ ನೀವು ಮಾಡಬೇಡಿ.

ಟ್ಯಾಂಕ್ ಒಳಗೆ ಟಾರ್ಚ್ ಬೆಳಕಿನಲ್ಲಿ ನೋಡುವುದಾದರೆ ಕಿಡಿ ಹಾರದಂಥ, ಸುರಕ್ಷಿತ ಟಾರ್ಚ್ ಇರಲಿ. ಕೆಂಪು ಪುಡಿ ಕಂಡರೆ ಟ್ಯಾಂಕ್ ಬಿಚ್ಚಿ ತೊಳೆಸಬೇಕು. ತೂತು ಬಿದ್ದಿದ್ದರೆ ಹೊಸದು.

ರಬ್ಬರ್ ಪೆಟ್ರೋಲ್ ಪೈಪ್ ಎಲ್ಲವನ್ನೂ ಬದಲಾಯಿಸಿ. ಒಂದನ್ನೂ ಉಳಿಸಬೇಡಿ. ಹೊಸ ಪೈಪ್ ಎಥನಾಲ್ ತಡೆಯುವಂಥದ್ದೇ ಎಂದು ಕೇಳಿ ತನ್ನಿ. ಹಳೇ ಕಾರಿಗೆ ಬೆಂಕಿ ಹತ್ತುವ ದೊಡ್ಡ ಕಾರಣವೇ ಈ ಪೈಪುಗಳು. ಟ್ಯಾಂಕಿಗೂ ಕಾರ್ಬೊರೇಟರಿಗೂ ನಡುವೆ ಒಳಗಿನದು ಕಾಣುವ ಪಾರದರ್ಶಕ ಫಿಲ್ಟರ್ ಒಂದು ಹಾಕಿ. ಒಳಗೆ ಏನು ಬರುತ್ತಿದೆ ಎಂಬುದು ಅದರಲ್ಲಿ ಗೊತ್ತಾಗುತ್ತದೆ.

8. ಕಾರ್ಬೊರೇಟರ್ ಅಥವಾ ಇಂಜೆಕ್ಷನ್

ಕಾರ್ಬೊರೇಟರ್ ಅಂದರೆ ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸಿ ಕೊಡುವ ಭಾಗ. ಬಿಚ್ಚಿ, ಕಾರ್ಬೊರೇಟರ್ ಕ್ಲೀನರಿನಲ್ಲಿ ತೊಳೆದು, ಹೊಸ ಗ್ಯಾಸ್ಕೆಟ್ ಹಾಕಿ. ಜೆಟ್ ಎಂಬ ಸಣ್ಣ ತೂತಿಗೆ ತಂತಿ ತೂರಿಸಬೇಡಿ, ತೂತಿನ ಅಳತೆ ಕೆಡುತ್ತದೆ. ಗಾಳಿ ಊದಿದರೆ ಸಾಕು.

ಅತಿ ಮುಖ್ಯವಾದದ್ದು ಒಂದು ಸೂಜಿ. ಕಾರ್ಬೊರೇಟರಿನ ಬಟ್ಟಲಲ್ಲಿ ಪೆಟ್ರೋಲ್ ತುಂಬಿದಾಗ ತೇಲುವ ಫ್ಲೋಟ್ ಎದ್ದು, ಆ ಸೂಜಿ ದಾರಿ ಮುಚ್ಚುತ್ತದೆ. ಸೂಜಿ ಅಂಟಿದ್ದರೆ ಪೆಟ್ರೋಲ್ ಉಕ್ಕಿ ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಬೀಳುತ್ತದೆ. ಅದಕ್ಕೇ ಸೂಜಿ, ಅದು ಕೂರುವ ಸೀಟು ಎರಡೂ ಹೊಸದಿರಲಿ.

ಎಸ್‌ಯು ಕಾರ್ಬೊರೇಟರ್ ಇದ್ದರೆ ಅದರ ಪಿಸ್ಟನ್ ಬೆರಳಲ್ಲಿ ಎತ್ತಿ ಬಿಡಿ. 'ಟಕ್' ಎಂದು ತಾನಾಗಿ ಇಳಿಯಬೇಕು. ಮೇಲಿನ ಕೊಳವೆಗೆ ತೆಳು ಆಯಿಲ್ ಹಾಕುವುದು ಮರೆಯಬೇಡಿ. ಸ್ಟ್ರೋಂಬರ್ಗ್ ಆದರೆ ಒಳಗಿನ ರಬ್ಬರ್ ಪರದೆ ಹರಿದಿರುತ್ತದೆ, ಹೊಸದು ಹಾಕಿ. ಎರಡು ಮೂರು ವೆಬರ್ ಕಾರ್ಬೊರೇಟರ್ ಸಾಲಾಗಿದ್ದರೆ ಎಲ್ಲವೂ ಒಂದೇ ಅಳತೆಯಲ್ಲಿ ತೆರೆಯುವಂತೆ ಹೊಂದಿಸುವುದು ಆಮೇಲಿನ ಕೆಲಸ. ಮೊದಲು ಓಡಲಿ.

ಇಂಜೆಕ್ಷನ್ ಅಂದರೆ ಕಾರ್ಬೊರೇಟರ್ ಬದಲು ಪೆಟ್ರೋಲನ್ನು ಒತ್ತಡದಲ್ಲಿ ಚಿಮ್ಮಿಸುವ ವ್ಯವಸ್ಥೆ. ಬಾಷ್ ಕೆ-ಜೆಟ್ರಾನಿಕ್ ಎಂಬ ಇಂಜೆಕ್ಷನ್ 1973ರಲ್ಲಿ ಬಂತು. ಪೋರ್ಷೆ 911, ಡಿಲೋರಿಯನ್ ಇಂಥ ಕಾರುಗಳಲ್ಲಿದೆ. ಗಾಳಿ ತಳ್ಳುವ ತಟ್ಟೆ ಮತ್ತು ಅದು ಎತ್ತುವ ಸಣ್ಣ ಪ್ಲಂಜರ್ ಇದರ ಜೀವ. ಅಂಟಾದ ಪೆಟ್ರೋಲ್ ಆ ಪ್ಲಂಜರನ್ನು ಹಿಡಿದುಬಿಡುತ್ತದೆ. ಇದನ್ನು ಬಿಚ್ಚುವುದು ಹೊಸಬರ ಕೆಲಸ ಅಲ್ಲ. ಬಲ್ಲವರಿಗೆ ಕೊಡಿ.

9. ನೀರು ಮತ್ತು ಕಿಡಿ

ಇವೆರಡೂ ಸುಲಭ. ರೇಡಿಯೇಟರ್ ನೀರು ಇಳಿಸಿ, ತೊಳೆದು, ಕೂಲೆಂಟನ್ನೂ ಶುದ್ಧ ನೀರನ್ನೂ ಸಮಪಾಲು ಬೆರೆಸಿ ತುಂಬಿ. ಹಿಚುಕಿದಾಗ ಮೆತ್ತಗೋ ಗರಿಗರಿಯೋ ಅನಿಸುವ ಹೋಸ್ ಬದಲಾಯಿಸಿ. ಫಿಯಟ್ ಎಕ್ಸ್1/9ರಂತೆ ಇಂಜಿನ್ ನಡುವೆ, ರೇಡಿಯೇಟರ್ ಮುಂದೆ ಇರುವ ಕಾರಿನಲ್ಲಿ ಉದ್ದ ಪೈಪುಗಳೊಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಗಾಳಿ ಬಿಡುವ ಸ್ಕ್ರೂ ಎಲ್ಲಿದೆ ಕೈಪಿಡಿಯಲ್ಲಿ ನೋಡಿ, ಗಾಳಿ ಪೂರ್ತಿ ಬಿಡಿ.

ಪ್ಲಗ್‌ಗಳಿಗೆ ಸರದಿಯಂತೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ಪಾಯಿಂಟ್‌ಗಳನ್ನು ನೋಡಿ. ಪಾಯಿಂಟ್ ಅಂದರೆ ಕರೆಂಟನ್ನು ಕೂಡಿಸಿ ಬಿಡಿಸುವ ಸಣ್ಣ ಜೋಡಿ. ನಿಂತಾಗ ಅದರ ಮೇಲೆ ಪದರ ಕಟ್ಟುತ್ತದೆ, ಕಿಡಿ ಬರುವುದಿಲ್ಲ. ಸಣ್ಣ ಉಜ್ಜುಕಾಗದದಿಂದ ಉಜ್ಜಿ, ಕೈಪಿಡಿಯ ಅಳತೆಗೆ ಸಂದು ಹೊಂದಿಸಿ. ಪ್ಲಗ್ ಹೊಸದು ಹಾಕಿ.

10. ಬ್ರೇಕ್ ಮತ್ತು ಕ್ಲಚ್

ಇಂಜಿನ್ ಸ್ಟಾರ್ಟ್ ಆದ ಮೇಲೆ ಕಾರನ್ನು ಒಂದು ಹೆಜ್ಜೆಯಾದರೂ ಓಡಿಸಬೇಕು ಅನಿಸುತ್ತದೆ. ಆ ಆಸೆ ತಡೆಯುವುದು ಕಷ್ಟ. ಅದಕ್ಕೇ ಬ್ರೇಕ್ ಕೆಲಸವನ್ನು ಸ್ಟಾರ್ಟ್‌ಗಿಂತ ಮೊದಲು ಇಟ್ಟಿದ್ದೇನೆ.

ಡಾಟ್ 3, ಡಾಟ್ 4 ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎಂಬುದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಬ್ರೇಕ್ ಬಿಸಿಯಾದಾಗ ಆಯಿಲ್ ಕುದಿದು ಪೆಡಲ್ ಟೊಳ್ಳಾಗುತ್ತದೆ. ಅದೇ ತೇವ ಒಳಗಿನ ಸಿಲಿಂಡರ್‌ಗಳಿಗೂ ತುಕ್ಕು ಹಿಡಿಸುತ್ತದೆ. ಡಾಟ್ 5 ಸಿಲಿಕೋನ್ ಆಯಿಲ್, ಬೇರೆ ಜಾತಿ. ಅದನ್ನು 3 ಅಥವಾ 4ರ ಜೊತೆ ಬೆರೆಸಬೇಡಿ. ಹೆಸರು ಹತ್ತಿರವಿದ್ದರೂ ಡಾಟ್ 5.1 ಮಾತ್ರ 4ರ ಜಾತಿಯದೇ.

ಪ್ರತಿ ಚಕ್ರ ಬಿಚ್ಚಿ ನೋಡಿ. ಡಿಸ್ಕ್ ಮೇಲಿನ ತೆಳು ತುಕ್ಕು ಓಡಿದಾಗ ಹೋಗುತ್ತದೆ, ಗುಳಿ ಬಿದ್ದಿದ್ದರೆ ಹೊಸ ಡಿಸ್ಕ್. ಬ್ರೇಕ್ ಧೂಳನ್ನು ಗಾಳಿ ಹೊಡೆದು ಊದಬೇಡಿ. ಹಳೇ ಪ್ಯಾಡ್ ಮತ್ತು ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಲ್ಲಿ ಒರೆಸಿ. 1961ರಲ್ಲಿ ಬಂದ ಜಾಗ್ವಾರ್ ಇ-ಟೈಪ್‌ನಲ್ಲಿ ಹಿಂದಿನ ಬ್ರೇಕ್ ಚಕ್ರದ ಬಳಿ ಇಲ್ಲ, ಒಳಗೆ, ಎರಡೂ ಹಿಂದಿನ ಚಕ್ರಕ್ಕೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಪಕ್ಕದಲ್ಲಿದೆ. ಕೈ ಹೋಗುವುದೇ ಕಷ್ಟ. ಕಷ್ಟ ಅಂತ ಬಿಡಬೇಡಿ, ಇವೇ ಹೆಚ್ಚು ಹಾಳಾಗಿರುವುದು.

ಚಕ್ರದ ಬಳಿಯ ರಬ್ಬರ್ ಬ್ರೇಕ್ ಹೋಸ್‌ಗಳನ್ನು ಕಣ್ಣುಮುಚ್ಚಿ ಬದಲಾಯಿಸಿ. ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡಿರುತ್ತವೆ. ಪೆಡಲ್ ಒತ್ತಿದರೆ ಆಯಿಲ್ ಹೋಗುತ್ತದೆ, ಬಿಟ್ಟರೆ ಹಿಂದಕ್ಕೆ ಬರುವುದಿಲ್ಲ. ಚಕ್ರ ಹಿಡಿದುಕೊಂಡೇ ಇರುತ್ತದೆ. ಎಷ್ಟೋ ಜನ ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ಬದಲಾಯಿಸಿ ಸೋತ ಮೇಲೆ ತೊಂದರೆ ಈ ಹೋಸ್‌ನಲ್ಲಿತ್ತು ಎಂದು ಗೊತ್ತಾಗುತ್ತದೆ.

ಹೊಸ ಆಯಿಲ್ ತುಂಬಿ ಬ್ರೇಕ್ ಪೈಪಿನೊಳಗಿನ ಗಾಳಿ ಬಿಡಿಸುವಾಗ ಪೆಡಲನ್ನು ನೆಲದವರೆಗೆ ಒತ್ತಬೇಡಿ. ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನ ಕೊನೆಯ ಭಾಗ ವರ್ಷಗಟ್ಟಲೆ ಬಳಕೆಯಾಗದೆ ತುಕ್ಕು ಹಿಡಿದಿರುತ್ತದೆ. ಸೀಲ್ ಅಲ್ಲಿಗೆ ಹೋದರೆ ಕತ್ತರಿಸಿಹೋಗುತ್ತದೆ. ಪೆಡಲ್ ಅಡಿ ಒಂದು ಮರದ ತುಂಡು ಇಡಿ.

ಕ್ಲಚ್ ಪೆಡಲ್ ಒತ್ತಿದರೂ ಗೇರ್ ಬೀಳದಿದ್ದರೆ ಕ್ಲಚ್ ಪ್ಲೇಟ್ ಇಂಜಿನ್ ಹಿಂದಿನ ಭಾರದ ಚಕ್ರಕ್ಕೆ, ಅಂದರೆ ಫ್ಲೈವೀಲಿಗೆ, ತುಕ್ಕಿನಿಂದ ಅಂಟಿರಬಹುದು. ಪೆಡಲ್ ಒತ್ತಿ ಸೀಟಿಗೆ ಕೋಲು ಕೊಟ್ಟು ಒಂದೆರಡು ದಿನ ಬಿಡಿ. ಆಮೇಲೆ ಇಂಜಿನ್ ಆಫ್ ಇರುವಾಗಲೇ ಗೇರಿಗೆ ಹಾಕಿ ಕಾರನ್ನು ಹಿಂದೆ ಮುಂದೆ ತೂಗಿ. ಹಲವು ಸಲ 'ಟಪ್' ಎಂದು ಬಿಡುತ್ತದೆ. ಗೇರ್‌ಬಾಕ್ಸ್ ಆಯಿಲ್ ಹಾಕುವಾಗ ಒಂದು ಎಚ್ಚರ: ಹಳೇ ಗೇರ್‌ಬಾಕ್ಸ್‌ಗಳಲ್ಲಿ ಗೇರ್ ಸಲೀಸಾಗಿ ಬೀಳಿಸುವ, ಹಿತ್ತಾಳೆ ಬಣ್ಣದ ಸಿಂಕ್ರೊ ಉಂಗುರಗಳಿರುತ್ತವೆ. ತಪ್ಪು ಆಯಿಲ್ ಅವಕ್ಕೆ ಆಗುವುದಿಲ್ಲ. ಕೈಪಿಡಿ ಜಿಎಲ್-4 ದರ್ಜೆಯ ಆಯಿಲ್ ಹೇಳಿದರೆ ಅದನ್ನೇ ಹಾಕಿ.

11. ಟೈರ್

ಟೈರ್ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2317 ಎಂದರೆ 2017ರ 23ನೇ ವಾರ ತಯಾರಾದದ್ದು. ಮೂರೇ ಅಂಕಿ ಇದ್ದರೆ 2000ಕ್ಕಿಂತ ಹಿಂದಿನದು. ಹತ್ತು ವರ್ಷ ದಾಟಿದ ಟೈರಿನ ಗೆರೆ ಎಷ್ಟೇ ಆಳವಾಗಿರಲಿ, ಬದಲಾಯಿಸಿ. ಕಡ್ಡಿ ಚಕ್ರವಾದರೆ ಒಂದೊಂದು ಕಡ್ಡಿಯನ್ನೂ ತಟ್ಟಿ ನೋಡಿ. ಮಂದ ಸದ್ದು ಬಂದರೆ ಅದು ಸಡಿಲ.

12. ಸ್ಟಾರ್ಟ್

ಕಾರನ್ನು ಬಯಲಿಗೆ ತಳ್ಳಿ. ಶೆಡ್ಡಿನ ಒಳಗೆ ಬೇಡ, ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ವಾಸನೆ ಇಲ್ಲದೆ ಕೊಲ್ಲುತ್ತದೆ. ಚಕ್ರಕ್ಕೆ ಅಡ್ಡ ಇಡಿ. ಇನ್ನೊಬ್ಬರು ಅಗ್ನಿಶಾಮಕ ಹಿಡಿದು ನಿಲ್ಲಲಿ. ಟ್ಯಾಂಕಿಗೆ 5 ಲೀಟರ್ ಹೊಸ ಪೆಟ್ರೋಲ್ ಸಾಕು.

ಬ್ಯಾಟರಿ ಜೋಡಿಸಿ, ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದಿದ್ದರೆ ಮತ್ತೆ ಹಾಕಿ. ಕಾಯಿಲ್ ವೈರ್ ಬಿಚ್ಚಿಟ್ಟೇ ಕೀ ಆನ್ ಮಾಡಿ. ಎಲೆಕ್ಟ್ರಿಕ್ ಎಸ್‌ಯು ಪಂಪ್ ಆದರೆ 'ಟಿಕ್ ಟಿಕ್' ಎಂದು ಹೊಡೆದು, ಬಟ್ಟಲು ತುಂಬಿದ ಮೇಲೆ ನಿಲ್ಲಬೇಕು. ನಿಲ್ಲದಿದ್ದರೆ ಎಲ್ಲೋ ಸೋರುತ್ತಿದೆ. ಇಂಜಿನ್ ತಿರುಗಿದಾಗ ಮಾತ್ರ ಓಡುವ ಮೆಕ್ಯಾನಿಕಲ್ ಪಂಪ್ ಆದರೆ ಸೆಲ್ಫ್ ಹೊಡೆದೇ ತುಂಬಿಸಬೇಕು. ಕೀ ಆಫ್ ಮಾಡಿ ಪ್ರತಿ ಜೋಡಣೆಯನ್ನೂ ಕಾಗದದಿಂದ ಒರೆಸಿ ನೋಡಿ. ಒಂದು ಹನಿ ಕಂಡರೂ ಮುಂದೆ ಹೋಗಬೇಡಿ.

ಎಲ್ಲ ಒಣಗಿದ್ದರೆ ಕಾಯಿಲ್ ವೈರ್ ಜೋಡಿಸಿ, ಸೆಲ್ಫ್ ಹೊಡೆಯಿರಿ. ಹೊತ್ತಿಕೊಂಡಿತೇ? ಕಣ್ಣು ಮೊದಲು ಆಯಿಲ್ ಗೇಜ್ ಮೇಲೆ ಇರಲಿ. ಐದಾರು ಸೆಕೆಂಡಿನಲ್ಲಿ ಮುಳ್ಳು ಏಳದಿದ್ದರೆ ಆಫ್ ಮಾಡಿ. ರೇಸ್ ಮಾಡಬೇಡಿ. ಸಿಲಿಂಡರಿಗೆ ಬಿಟ್ಟ ಆಯಿಲ್ ಉರಿಯುವುದರಿಂದ ಹೊಗೆ ಬರುತ್ತದೆ, ಕೆಲ ನಿಮಿಷದಲ್ಲಿ ಕಡಿಮೆಯಾಗಬೇಕು. ಟೆಂಪರೇಚರ್ ಮುಳ್ಳು ನಡುವಿಗೆ ಬಂದು ನಿಲ್ಲುವವರೆಗೆ ಪಕ್ಕದಲ್ಲೇ ಇರಿ. ಬಾನೆಟ್ ತೆರೆದು ಸೋರಿಕೆ ನೋಡುತ್ತಾ ಇರಿ.

13. ಮೊದಲ ಓಟ

ಮೊದಲು ಕಾಗದ ಪತ್ರ, ವಿಮೆ ಸರಿ ಇದೆಯೇ ನೋಡಿ. ಓಡಿಸುವುದು ಖಾಲಿ ಸಮತಟ್ಟು ಜಾಗದಲ್ಲಿ, ನಡೆಯುವ ವೇಗದಲ್ಲಿ. ಐದು ಮೀಟರ್ ಹೋಗಿ, ಬ್ರೇಕ್ ಒತ್ತಿ. ಹ್ಯಾಂಡ್ ಬ್ರೇಕನ್ನೂ ಬೇರೆಯಾಗಿ ಪರೀಕ್ಷೆ ಮಾಡಿ. ಆಮೇಲೆ ಸ್ವಲ್ಪ ವೇಗ, ಮತ್ತೆ ಬ್ರೇಕ್. ಕಾರು ಒಂದು ಬದಿಗೆ ಎಳೆಯಬಾರದು.

ಒಂದೆರಡು ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ನಾಲ್ಕೂ ಚಕ್ರದ ಹತ್ತಿರ ಅಂಗೈ ತನ್ನಿ, ಮುಟ್ಟಬೇಡಿ. ಒಂದು ಮಾತ್ರ ಕುದಿಯುತ್ತಿದ್ದರೆ ಅಲ್ಲಿ ಬ್ರೇಕ್ ಹಿಡಿದಿದೆ. ಚಕ್ರದ ನಟ್ಟುಗಳನ್ನು ಮತ್ತೆ ಟಾರ್ಕ್ ರೆಂಚಿನಿಂದ ನೋಡಿ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರ್ ಮಟ್ಟ ನೋಡಿ ತುಂಬಿಸಿ.

100 ಕಿಲೋಮೀಟರ್ ಆಸುಪಾಸು ಆದಾಗ ಆಯಿಲ್ ಮತ್ತು ಫಿಲ್ಟರ್ ಇನ್ನೊಮ್ಮೆ ಬದಲಾಯಿಸಿ. ವರ್ಷಗಳ ಕೆಸರು, ತುಕ್ಕಿನ ಪುಡಿ ಎಲ್ಲ ಅದರಲ್ಲಿ ಇಳಿದಿರುತ್ತದೆ. ವಾಲ್ವ್ ಸಂದು, ಇಗ್ನಿಷನ್ ಟೈಮಿಂಗ್, ಕಾರ್ಬೊರೇಟರ್ ಹೊಂದಾಣಿಕೆ ಇವನ್ನೆಲ್ಲ ಈಗ ಮಾಡಿ.

ಆ ಪಾರದರ್ಶಕ ಫಿಲ್ಟರನ್ನು ಪ್ರತಿ ಓಟದ ನಂತರ ನೋಡುತ್ತಿರಿ. ಹೊಸ ಪೆಟ್ರೋಲ್ ಟ್ಯಾಂಕಿನೊಳಗೆ ಅಲ್ಲಾಡಿದಷ್ಟೂ ಹಳೇ ಕಸ ಎದ್ದು ಬರುತ್ತದೆ. ಡಿಕ್ಕಿಯಲ್ಲಿ ಇನ್ನೆರಡು ಫಿಲ್ಟರ್ ಇಟ್ಟುಕೊಳ್ಳಿ. ಅದರಲ್ಲಿ ಕೆಂಪು ಪುಡಿ ಬರುವುದು ನಿಂತ ಮೇಲೆ ಟ್ಯಾಂಕ್ ತುಂಬಿಸಿ, ದೂರದ ದಾರಿ ಹಿಡಿಯಿರಿ.